ಹಳೇ ಬದುಕು ಬಿಟ್ಟು ಬಂದವರಿಗೆ ಯಾವ ಕನ್ನಡ ಬೈಬಲ್?

ತೀರ್ಪು ಮೊದಲೇ ಹೇಳಿಬಿಡೋಣ. ಕುಡಿತ, ಓಸಿ (ಮಟ್ಕಾ) ಚೀಟಿ, ಮೀಟರ್ ಬಡ್ಡಿ, ತೂಕದ ಮೋಸ, ಇಂಥದ್ದೇನನ್ನೋ ಬಿಟ್ಟು ಕ್ರಿಸ್ತನ ಕಡೆ ಮುಖ ಮಾಡಿದ ದಾವಣಗೆರೆಯವರೊಬ್ಬರು ಒಂದೇ ಒಂದು ಬೈಬಲ್ ಕೊಳ್ಳುವುದಾದರೆ ಬೈಬಲ್ ಸೊಸೈಟಿ ಆಫ್ ಇಂಡಿಯಾದ ಹಳೇ ಅನುವಾದ 'ಸತ್ಯವೇದವು ಜೆ.ವಿ.' ಕೊಳ್ಳಲಿ. ಅದರ ಪಕ್ಕದಲ್ಲಿ ಫೋನಿನಲ್ಲಿ ಇ.ಆರ್.ವಿ. (ಸುಲಭ ಓದಿನ 'ಈಸಿ ಟು ರೀಡ್' ಅನುವಾದ) ಇಟ್ಟುಕೊಳ್ಳಲಿ. ಕ್ಯಾಥೊಲಿಕರಾದರೆ ಸಿ.ಎಲ್. (ಸಾಮಾನ್ಯ ಭಾಷೆಯ 'ಕಾಮನ್ ಲ್ಯಾಂಗ್ವೇಜ್' ಅನುವಾದ) ಸರಿ. ಹೀಗೆ ಹೇಳುವುದಕ್ಕೆ ಕಾರಣ ಕಾಗದವಲ್ಲ, ರಟ್ಟೂ ಅಲ್ಲ, ಒಂದು ಕ್ರಿಯಾಪದ.

ಮತ್ತಾಯ 3ನೇ ಅಧ್ಯಾಯದ 2ನೇ ವಚನ ತೆಗೆಯಿರಿ. ಸ್ನಾನಿಕನಾದ ಯೋಹಾನ ಅಡವಿಯಲ್ಲಿ ನಿಂತು ಕೂಗುವ ಮಾತು ಅದು. ಗ್ರೀಕ್ ಮೂಲದಲ್ಲಿರುವುದು 'ಮೆಟನೋಯ' ಎಂಬ ಪದದ ಕ್ರಿಯಾರೂಪ, ಎಂದರೆ ಮನಸ್ಸೇ ಬದಲಾಗುವುದು. ಅದರ ಹಿಂದೆ ಹೀಬ್ರೂ ಪ್ರವಾದಿಗಳ 'ಶೂವ್' ಇದೆ, ಹಿಂದಿರುಗು ಎಂದು ಅರ್ಥ. ಹೊಲಕ್ಕೆ ಹೋದವನು ಮನೆಗೆ ತಿರುಗಿ ಬರುವುದಕ್ಕೂ ಅದೇ ಮಾತು. ಜೆ.ವಿ. ಇಲ್ಲಿ 'ದೇವರ ಕಡೆಗೆ ತಿರುಗಿಕೊಳ್ಳಿರಿ' ಎನ್ನುತ್ತದೆ. ಸಿ.ಎಲ್. ಒಂದು ಹೆಜ್ಜೆ ಬಿಡಿಸಿ, ಪಾಪಕ್ಕೆ ವಿಮುಖರಾಗಿ ದೇವರಿಗೆ ಅಭಿಮುಖರಾಗಿ ಎನ್ನುತ್ತದೆ. ಇ.ಆರ್.ವಿ.ಯದು ಹೃದಯವನ್ನೂ ಜೀವಿತವನ್ನೂ ಪರಿವರ್ತಿಸಿಕೊಳ್ಳಿ ಎನ್ನುವ ಧಾಟಿ.

ಮೂರೂ ತಪ್ಪಲ್ಲ. ಆದರೆ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ದಿನಾ ಓಡಾಡುವ ಪದ 'ಪಶ್ಚಾತ್ತಾಪ'. ಆ ಪದದಲ್ಲಿ ಇರುವುದು ಆಮೇಲಿನ ತಾಪ, ಮಾಡಿದ್ದಕ್ಕೆ ಬೇಯುವುದು. ಬೇಯುವವನು ಕೂತಲ್ಲೇ ಬೇಯಬಹುದು, ತಿರುಗುವವನು ಕೂತಲ್ಲೇ ಇರಲಾರ. ಭಾನುವಾರದ ಕೂಟದಲ್ಲಿ ಕಣ್ಣೀರು ಸುರಿಸಿ ಸೋಮವಾರ ಸಂಜೆ ಅದೇ ಬಾರಿನ ಬಾಗಿಲಿಗೆ ಹೋಗುವವರ ತೊಂದರೆ ಮುಕ್ಕಾಲು ಪಾಲು ಇಲ್ಲೇ ಇದೆ: ಅತ್ತದ್ದನ್ನೇ ತಿರುಗಿದ್ದು ಎಂದುಕೊಂಡಿರುತ್ತಾರೆ. ಇದಕ್ಕೆ ಮತ್ತಾಯ 27ರ 3ನೇ ವಚನ ನೋಡಬೇಕು. ಯೇಸುವನ್ನು ಹಿಡಿದುಕೊಡಲು ಪಡೆದ 30 ಬೆಳ್ಳಿ ನಾಣ್ಯ ಹಿಂದಕ್ಕೆ ಕೊಟ್ಟ ಯೂದನ ಬಗ್ಗೆ ಗ್ರೀಕ್ ಬಳಸುವುದು ಬೇರೆ ಕ್ರಿಯಾಪದ, 'ಮೆಟಮೆಲೊಮಾಯ್', ಬರೀ ಮನಮರುಗು. ಅವನು ಹಣ ಬಿಟ್ಟ, ತಪ್ಪು ಒಪ್ಪಿಕೊಂಡ, ಆದರೆ ಯೇಸುವಿನ ಕಡೆಗೆ ಹೋಗಲಿಲ್ಲ. ಯೇಸು ಸೆರೆಸಿಕ್ಕ ರಾತ್ರಿ ಅವನನ್ನು ಮೂರು ಸಲ ಅಲ್ಲಗಳೆದ ಪೇತ್ರನೂ ಬಿಕ್ಕಿ ಬಿಕ್ಕಿ ಅತ್ತ, ಆದರೆ ಅವನು ತಿರುಗಿ ಬಂದ. ಪೌಲ ಎರಡನೇ ಕೊರಿಂಥ 7ರ 10ರಲ್ಲಿ ಎರಡು ಬಗೆಯ ದುಃಖವನ್ನು ಬೇರೆ ಮಾಡುವುದೂ ಇದನ್ನೇ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಈ ಮೂರು ಜಾಗ ತೆಗೆದು ಓದಿ, ಐದು ನಿಮಿಷ ಸಾಕು.

ಜೆ.ವಿ.ಯ ಭಾಷೆ ಹಳತು. 'ಮಾಡುವದು', 'ಯಾವದು' ಎಂಬ ಕಾಗುಣಿತ ಈಗಿನ ಹುಡುಗರಿಗೆ ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಅಪೊಸ್ತಲರ ಪತ್ರಗಳ ವಾಕ್ಯಗಳು ಉದ್ದ, ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಉಸಿರು ಕಟ್ಟುತ್ತದೆ. ಆದರೆ ಕಥೆ ಬಂದಾಗ ಅದು ಊರಿನ ಮಾತೇ ಆಗುತ್ತದೆ. ಲೂಕ 15ರಲ್ಲಿ ಆಸ್ತಿ ಹಾಳು ಮಾಡಿ ಹಂದಿ ಕಾಯುವ ಮಗನ ಬಗ್ಗೆ ಅದು ಹೇಳುವುದು ಇಷ್ಟೇ: 'ಆಗ ಅವನಿಗೆ ಬುದ್ಧಿ ಬಂದು'. ಹೊನ್ನಾಳಿಯಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ ಯಾವ ತಾಯಿಯೂ ಹೀಗೇ ಹೇಳುತ್ತಾಳೆ. ಕನ್ನಡದ ಮೊದಲ ಪೂರ್ಣ ಬೈಬಲ್ 1831ರಲ್ಲಿ ಬಂದದ್ದು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೆಲಸ ಮಾಡಿದ ಪಕ್ಕದ ಬಳ್ಳಾರಿಯಿಂದ. ಈಗಿನದು ಆ ಅನುವಾದವಲ್ಲ, ಆದರೂ ಬಯಲುಸೀಮೆಯವರಿಗೆ ಈ ಪುಸ್ತಕ ದೂರದ್ದಲ್ಲ ಅನ್ನುವುದಕ್ಕೆ ಹೇಳಿದ್ದು.

ಈಗ ಮುಖ್ಯ ಪರೀಕ್ಷೆ. ತಿರುಗಿದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಪುಸ್ತಕ ಎಷ್ಟು ನೇರವಾಗಿ ಉತ್ತರ ಕೊಡುತ್ತದೆ? ಲೂಕ 3ರ 10ರಿಂದ 14 ಓದಿ. ಜನ, ಸುಂಕದವರು, ಸಿಪಾಯಿಗಳು ಮೂವರೂ ಅದನ್ನೇ ಕೇಳುತ್ತಾರೆ. ಯೋಹಾನ ಯಾರಿಗೂ ಉಪವಾಸ ಹೇಳುವುದಿಲ್ಲ. ಎರಡು ಅಂಗಿ ಇದ್ದರೆ ಒಂದು ಕೊಡು, ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡ, ಹೆದರಿಸಿ ಕಿತ್ತುಕೊಳ್ಳಬೇಡ, ಸಂಬಳದಲ್ಲಿ ತೃಪ್ತನಾಗಿರು. ಈ ಐದು ವಚನಕ್ಕೆ ಇ.ಆರ್.ವಿ.ಯೇ ಮೇಲು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರೂ ಒಂದೇ ಓದಿಗೆ ಹಿಡಿಯುತ್ತಾರೆ.

ಎಫೆಸ 4ರ 22ರಿಂದ 28ಕ್ಕೆ ಮಾತ್ರ ಜೆ.ವಿ.ಗೇ ಬನ್ನಿ. 'ಪೂರ್ವಸ್ವಭಾವ' ತೆಗೆದುಹಾಕಿ 'ನೂತನಸ್ವಭಾವ' ಧರಿಸಿಕೊಳ್ಳುವುದು ಅಲ್ಲಿ ಬಟ್ಟೆ ಬದಲಿಸಿದ ಹಾಗೆ ಕೈಗೆ ಸಿಗುತ್ತದೆ. ಕಡೆಯ ವಚನದಲ್ಲಿ ಕಳ್ಳನಿಗೆ ಹೇಳಿದ್ದು ಮೂರು: ಕಳವು ನಿಲ್ಲಿಸು, ಕೈಯಿಂದ ದುಡಿ, ದುಡಿದದ್ದರಲ್ಲಿ ಇಲ್ಲದವರಿಗೆ ಕೊಡು. ಹೆಚ್ಚಿನವರು ಮೊದಲನೆಯದಕ್ಕೇ ನಿಲ್ಲುತ್ತಾರೆ. ಬಿಟ್ಟ ಚಟದ ಜಾಗ ಖಾಲಿ ಉಳಿದರೆ ಅದು ಖಾಲಿ ಇರುವುದಿಲ್ಲ ಎನ್ನುವುದಕ್ಕೆ ಲೂಕ 11ರ 24ರಿಂದ 26 ಸೇರಿಸಿ ಓದಬೇಕು: ಗುಡಿಸಿ ಒಪ್ಪ ಮಾಡಿದ ಮನೆಗೆ, ಬಿಟ್ಟುಹೋದ ದೆವ್ವವೇ ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ವಾಪಸ್ ಬರುತ್ತದೆ.

ಹಣದ ವಿಷಯ. ತಿಂದ ದುಡ್ಡು ಹಾಗೇ ಇಟ್ಟುಕೊಂಡು ಕ್ಷಮೆ ಕೇಳುವುದು ಬಹಳ ಕಂಡುಬರುವ ತಪ್ಪು. ಯಾಜಕಕಾಂಡ 6ರ ಮೊದಲ ವಚನಗಳ ಪ್ರಕಾರ ಮೋಸದಿಂದ ಬಂದದ್ದನ್ನು ಪೂರ್ತಿ ಕೊಟ್ಟು ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು. ಯಾರ್ಡಿನಲ್ಲಿ ಮೆಕ್ಕೆಜೋಳದ ತೂಕದಲ್ಲಿ 10,000 ರೂಪಾಯಿ ಹೊಡೆದಿದ್ದರೆ ಕೊಡಬೇಕಾದ್ದು 12,000. ಲೂಕ 19ರ ಸುಂಕದವರ ಮುಖ್ಯಸ್ಥ ಜಕ್ಕಾಯನ ಲೆಕ್ಕದಲ್ಲಾದರೆ ನಾಲ್ಕರಷ್ಟು, 40,000. ಅದಕ್ಕೂ ಮೊದಲು ಆಸ್ತಿಯಲ್ಲಿ ಅರ್ಧ ಬಡವರಿಗೆ ಎಂದು ಅವನು ಹೇಳಿಯಾಗಿತ್ತು. ಅದನ್ನು ಯಾರೂ ಅವನ ಮೇಲೆ ಹೊರಿಸಲಿಲ್ಲ, ಅವನೇ ಹೇಳಿದ್ದು. ಹಾಗಾಗಿ ಇದನ್ನು ರಕ್ಷಣೆಯ ರೇಟು ಎಂದು ಓದಬಾರದು, ರಕ್ಷಣೆ ಕೃಪೆಯಿಂದ, ಕ್ರಿಯೆಯಿಂದಲ್ಲ ಎನ್ನುವ ಎಫೆಸ 2ರ 8 ಮತ್ತು 9 ಆ ದಾರಿ ಮುಚ್ಚುತ್ತವೆ. ಮೋಸ ಹೋದವನು ಸತ್ತು ವಾರಸುದಾರರೂ ಇಲ್ಲದಿದ್ದರೆ ಏನು ಎಂಬುದಕ್ಕೂ ಅರಣ್ಯಕಾಂಡ 5ರ 8ರಲ್ಲಿ ಉತ್ತರವಿದೆ: ಹಣ ದೇವರದಾಗಿ ಯಾಜಕನಿಗೆ ಸೇರುತ್ತದೆ, ತಪ್ಪು ಮಾಡಿದವನ ಜೇಬಿಗೆ ವಾಪಸ್ಸಲ್ಲ. ಎಲ್ಲ ಒಂದೇ ದಿನ ಕೊಡಲಾಗದವರು ಹೆಸರು, ಮೊತ್ತ, ತಾರೀಖು ಬರೆದ ಪಟ್ಟಿ ಬೈಬಲಿನಲ್ಲೇ ಇಟ್ಟುಕೊಂಡು ತೀರಿಸಿದ ಹಾಗೆ ಹೊಡೆದುಹಾಕುತ್ತಾ ಬರುವುದು ಕೆಲಸ ಮಾಡುತ್ತದೆ. ಆ ಪಟ್ಟಿಯನ್ನು ಕೂಟದಲ್ಲಿ ಸಾಕ್ಷಿ ಹೇಳುವಾಗ ಓದುವುದು ಮಾತ್ರ ಬೇಡ. ಬೇರೆಯವರ ಮಾನವೂ ಅದರಲ್ಲಿರುತ್ತದೆ.

ಸಿ.ಎಲ್. ಬಗ್ಗೆ. 'ಸರ್ವೇಶ್ವರ', 'ಯೇಸುಸ್ವಾಮಿ', 'ಶುಭಸಂದೇಶ' ಇದರ ಪದಗಳು. ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಸೆಪ್ಟೆಂಬರ್ 8ಕ್ಕೆ ಹೋಗುವ ಮನೆಗಳಲ್ಲಿ ಇವು ಬಾಯಿಗೆ ಬಂದ ಮಾತು. ಪಾಪನಿವೇದನೆಗೆ ಮುಂಚಿನ ಆತ್ಮಶೋಧನೆಗೆ ಇದರ 51ನೇ ಕೀರ್ತನೆ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಕೊಳ್ಳುವಾಗ ಪರಿವಿಡಿ ಎಣಿಸಿ: ಕ್ಯಾಥೊಲಿಕರ ಪ್ರತಿಯಲ್ಲಿ 73 ಪುಸ್ತಕ ಇರಬೇಕು, ಪ್ರೊಟೆಸ್ಟೆಂಟರ ಪ್ರತಿಯಲ್ಲಿ 66. ಮನೆಯಲ್ಲಿ ಇಬ್ಬರು ಎರಡು ಅನುವಾದ ಹಿಡಿದು ಕೂತರೆ ಹೆಸರುಗಳಲ್ಲಿ ತಡಕಾಟ ಶುರು. ಒಬ್ಬರ 'ಅಪೊಸ್ತಲರ ಕೃತ್ಯಗಳು' ಇನ್ನೊಬ್ಬರ 'ಪ್ರೇಷಿತರ ಕಾರ್ಯಕಲಾಪಗಳು', ಒಬ್ಬರ ಯೋಹಾನ ಇನ್ನೊಬ್ಬರ ಯೊವಾನ್ನ. ಕೂಟದಲ್ಲಿ ಓದುವವರು ಎರಡೂ ಹೆಸರು ಹೇಳಿಬಿಡುವುದು ಒಳ್ಳೆಯದು.

ಫೋನಿನಲ್ಲಿ ಓದುವವರಿಗೆ ಯೂವರ್ಷನ್ ಆ್ಯಪ್‌ನಲ್ಲಿ ಮೂರೂ ಉಚಿತ, ವಚನ ಒತ್ತಿ ಅನುವಾದಗಳನ್ನು ಹೋಲಿಸಲೂ ಬರುತ್ತದೆ. ಡೌನ್‌ಲೋಡ್‌ಗೆ ಅವಕಾಶವಿರುವ ಅನುವಾದವನ್ನು ಇಳಿಸಿಟ್ಟರೆ ನೆಟ್ ಇಲ್ಲದ ಹಳ್ಳಿಯಲ್ಲೂ ನಡೆಯುತ್ತದೆ. ಆದರೆ ಬೆಳಿಗ್ಗೆ ಬರುವ ದಿನದ ವಚನವೊಂದನ್ನೇ ಓದಿ ಸ್ಟೇಟಸ್ ಹಾಕುವುದು ಓದಲ್ಲ. ಇನ್ನೊಂದು ಮಾತು: ಓಸಿ ನಂಬರು ಬರುವ ಗುಂಪುಗಳೂ ಅದೇ ಫೋನಿನಲ್ಲಿರುತ್ತವೆ. ಮೊದಲ ಕೆಲವು ತಿಂಗಳಿಗಾದರೂ ಕಾಗದದ ಪುಸ್ತಕವೇ ಇರಲಿ ಎನ್ನುವುದಕ್ಕೆ ಇದೇ ಕಾರಣ. ಅಪೊಸ್ತಲರ ಕೃತ್ಯಗಳು 19ರಲ್ಲಿ ಕ್ರಿಸ್ತನನ್ನು ನಂಬಿದ ಎಫೆಸದವರು 50,000 ಬೆಳ್ಳಿ ನಾಣ್ಯ ಬೆಲೆಯ ಮಾಟದ ಪುಸ್ತಕಗಳನ್ನು ಮಾರಲಿಲ್ಲ, ಸುಟ್ಟರು. ಆ ನಂಬರುಗಳನ್ನೂ ಮ್ಯೂಟ್ ಮಾಡುವುದಲ್ಲ, ಅಳಿಸುವುದು.

ಕಟ್ಟಿನ ವಿಷಯ ಚುಟುಕಾಗಿ. ಬೈಬಲಿನ ಹಾಳೆ ತೆಳು. ಬಾಲ್‌ಪೆನ್ನಿನ ಗೆರೆ ಹಿಂಬದಿಗೆ ಕಾಣುತ್ತದೆ, ಜೆಲ್ ಪೆನ್ ಹರಡುತ್ತದೆ, ಪೆನ್ಸಿಲ್ ಬಳಸಿ. ನಲವತ್ತು ದಾಟಿದವರು ಸಣ್ಣ ಅಕ್ಷರದ ಪುಟ್ಟ ಪ್ರತಿ ಕೊಂಡು ವಾರದಲ್ಲಿ ಬಿಡುತ್ತಾರೆ, ದೊಡ್ಡಕ್ಷರದ್ದೇ ಕೇಳಿ. ಜಿಪ್ ಕವರಿನ ಪ್ರತಿ ಚೀಲದಲ್ಲಿ ಹಾಕಿಕೊಂಡು ಓಡಾಡುವವರಿಗೆ ಮಾತ್ರ. ಮನೆಗೆ ಗಟ್ಟಿ ರಟ್ಟಿನದು ಸಾಕು, ಬೆಲೆಯೂ ಕಡಿಮೆ.