ಫ್ಲ್ಯಾಗ್‌ಗಳೋ, ಸ್ಟೇಟ್ ಮಷೀನೋ?

ಹಲವು ಹಂತಗಳ ವೆಬ್ ಪುಟದಲ್ಲಿ ಬಳಕೆದಾರರು ಈಗ ಯಾವ ಹಂತದಲ್ಲಿದ್ದಾರೆ ಎಂಬುದನ್ನು ಕೋಡ್‌ನಲ್ಲಿ ಹೇಗೆ ಇಡುವುದು? ಬಸ್ ಟಿಕೆಟ್ ಬುಕಿಂಗ್ ತೆಗೆದುಕೊಳ್ಳಿ: ಸೀಟು, ಪ್ರಯಾಣಿಕರ ವಿವರ, ಪಾವತಿ, ಟಿಕೆಟ್. ಹೆಚ್ಚಿನವರು ಮೊದಲು ಹಿಡಿಯುವುದು ಬೂಲಿಯನ್ ಫ್ಲ್ಯಾಗ್‌ಗಳ ದಾರಿ, ಅಂದರೆ 'ಲೋಡ್ ಆಗುತ್ತಿದೆಯೇ?', 'ಪಾವತಿ ಆಯಿತೇ?' ಎಂಬ ಒಂದೊಂದಕ್ಕೂ ಹೌದು/ಇಲ್ಲ ಎಂಬ ಗುರುತು. ಬರೆಯೋದು ಸುಲಭ, ಆದರೆ ಐದು ಫ್ಲ್ಯಾಗ್ ಇಟ್ಟರೆ 32 ಸಂಯೋಜನೆಗಳಾಗುತ್ತವೆ. ಅರ್ಥವಿರುವುದು ಅದರಲ್ಲಿ ಕೆಲವಕ್ಕೆ ಮಾತ್ರ. 'ಟಿಕೆಟ್ ಸಿದ್ಧ' ಎಂಬ ಸಂದೇಶದ ಪಕ್ಕದಲ್ಲೇ ಲೋಡಿಂಗ್ ಚಕ್ರ ತಿರುಗುವಂಥ ಬಗ್‌ಗಳು ಹುಟ್ಟುವುದು ಉಳಿದವುಗಳಲ್ಲಿ.

ಸ್ಟೇಟ್ ಮಷೀನಿನಲ್ಲಿ ಒಂದು ಹೊತ್ತಿಗೆ ಒಂದೇ ಸ್ಥಿತಿ; ಯಾವ ಈವೆಂಟ್ (ಕ್ಲಿಕ್‌ನಂಥ ಘಟನೆ) ಬಂದರೆ ಅಲ್ಲಿಂದ ಎಲ್ಲಿಗೆ ಹೋಗಬೇಕೆಂದು ಮೊದಲೇ ಬರೆದಿಡುತ್ತೇವೆ. 'ಪಾವತಿ ನಡೆಯುತ್ತಿದೆ' ಎಂಬಲ್ಲಿಂದ ಮತ್ತೆ 'ಪಾವತಿಸು' ಈವೆಂಟಿಗೆ ದಾರಿಯನ್ನೇ ಬರೆಯದಿದ್ದರೆ ಎರಡನೇ ಕ್ಲಿಕ್‌ನಿಂದ ಏನೂ ಆಗುವುದಿಲ್ಲ. ನನಗೆ ಇದಕ್ಕಿಂತ ದೊಡ್ಡದೆನಿಸುವ ಲಾಭ ಇನ್ನೊಂದಿದೆ. ಯುಪಿಐನಲ್ಲಿ ಹಣ ಕಡಿತವಾಗಿ ಉತ್ತರ ಬಾರದೇ ಇದ್ದರೆ ಅದು ಯಶಸ್ಸೂ ಅಲ್ಲ, ವೈಫಲ್ಯವೂ ಅಲ್ಲ. ಫ್ಲ್ಯಾಗ್‌ಗಳಲ್ಲಿ ಈ ಸ್ಥಿತಿ ಸುಲಭವಾಗಿ ಮರೆತುಹೋಗುತ್ತದೆ. ಸ್ಟೇಟ್ ಮಷೀನಿನ ಸ್ಥಿತಿಗಳ ಚಿತ್ರ ಬರೆಯಲು ಕೂತರೆ 'ಖಚಿತವಾಗಿಲ್ಲ' ಎಂಬ ಪೆಟ್ಟಿಗೆ ತಾನೇ ಜಾಗ ಕೇಳುತ್ತದೆ. ಬಳಕೆದಾರರಿಗೆ 'ಮತ್ತೆ ಪಾವತಿಸಿ' ಬದಲು 'ಪರಿಶೀಲಿಸುತ್ತಿದ್ದೇವೆ' ಎಂದು ತೋರಿಸಬಹುದು.

ಎರಡೇ ಹಂತದ ಫಾರ್ಮಿಗೆ ಫ್ಲ್ಯಾಗ್ ಸಾಕು. ನಾಲ್ಕೈದು ಹಂತವಿದ್ದರೆ ವೆಬ್ ಪುಟ ಕಟ್ಟುವ ರಿಯಾಕ್ಟ್‌ನಲ್ಲೇ ಇರುವ, ಸ್ಥಿತಿ ಬದಲಾವಣೆಗಳನ್ನು ಒಂದೇ ಕಡೆ ಬರೆಯುವ ಯೂಸ್‌ರೆಡ್ಯೂಸರ್ ಮತ್ತು ಒಂದೇ 'ಸ್ಟೇಟಸ್' ಫೀಲ್ಡ್ ಇಡಿ, ಬೇರೆ ಲೈಬ್ರರಿ (ಸಿದ್ಧ ಕೋಡ್) ಬೇಡ. ಸ್ಥಿತಿಯೊಳಗೆ ಸ್ಥಿತಿ, ಜೊತೆಜೊತೆಗೆ ಓಡುವ ಟೈಮರ್ ಬಂದಾಗ ಸ್ಟೇಟ್ ಮಷೀನ್ ಬರೆಯಲೆಂದೇ ಇರುವ ಎಕ್ಸ್‌ಸ್ಟೇಟ್ ಲೈಬ್ರರಿ ಕಲಿಯುವ ಶ್ರಮ ಸಾರ್ಥಕ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹರೆಲ್ 1987ರಲ್ಲಿ ಪ್ರಕಟಿಸಿದ ಸ್ಟೇಟ್‌ಚಾರ್ಟ್‌ಗಳೇ (ಇಂಥ ಸ್ಥಿತಿಗಳನ್ನು ಬರೆಯುವ ಚಿತ್ರಪದ್ಧತಿ) ಅದರ ಬುನಾದಿ.

ಯಾವುದನ್ನೇ ಆರಿಸಿದರೂ ರಿಫ್ರೆಶ್ ಮಾಡಿದರೆ ಬ್ರೌಸರ್ ಮೆಮೊರಿಯಲ್ಲಿದ್ದ ಸ್ಥಿತಿ ಹೋಗುತ್ತದೆ. ಹಂತವನ್ನು ಯುಆರ್‌ಎಲ್‌ನಲ್ಲಿಡಿ, ಪಾವತಿಯ ಸ್ಥಿತಿಯನ್ನು ಮಾತ್ರ ಸರ್ವರನ್ನೇ ಕೇಳಿ.