ಎಕ್ಸ್‌ಟಿಸಂ: ಹೊರಗಿನವರ ಪ್ಲಗಿನ್ ಓಡಿಸಲು ಒಳ್ಳೆಯ ದಾರಿ

ಬೇರೆಯವರು ಬರೆದ ಪ್ಲಗಿನ್ (ಆ್ಯಪ್‌ಗೆ ಹೊರಗಿನಿಂದ ಸೇರಿಸುವ ಚಿಕ್ಕ ಪ್ರೋಗ್ರಾಂ) ಅನ್ನು ಆ್ಯಪ್ ಒಳಗೆ ನೇರವಾಗಿ ಲೋಡ್ ಮಾಡಿದರೆ ಏನಾಗುತ್ತದೆ ಗೊತ್ತಲ್ವಾ? ಆ್ಯಪ್‌ಗೆ ಇರುವ ಅಧಿಕಾರವೆಲ್ಲ ಅದಕ್ಕೂ ಸಿಗುತ್ತದೆ. ಫೈಲ್, ನೆಟ್‌ವರ್ಕ್, ಪಾಸ್‌ವರ್ಡ್, ಎಲ್ಲ. ಅದಕ್ಕೇ ನನಗೆ ಎಕ್ಸ್‌ಟಿಸಂ ಇಷ್ಟ, ಪ್ಲಗಿನ್‌ಗಳನ್ನು ಆ್ಯಪ್‌ನಿಂದ ಬೇರೆಯಾಗಿಟ್ಟು ಓಡಿಸುವ ಲೈಬ್ರರಿ ಇದು. ಓಪನ್ ಸೋರ್ಸ್, 1.0 ಬಂದದ್ದು 2024ರಲ್ಲಿ.

ಇಲ್ಲಿ ಪ್ಲಗಿನ್ ವೆಬ್‌ಅಸೆಂಬ್ಲಿ (ಹಲವು ಭಾಷೆಗಳ ಕೋಡ್ ಅನ್ನು ಬದಲಾಯಿಸಿ ಓಡಿಸಬಹುದಾದ ಬೈನರಿ) ರೂಪದಲ್ಲಿ ಬರುತ್ತದೆ, ಅದರ ಮೆಮೊರಿಯೇ ಬೇರೆ, ನಮ್ಮದನ್ನು ಅದು ಮುಟ್ಟಲು ಆಗುವುದಿಲ್ಲ. ಯಾವ ಸರ್ವರ್ ಜೊತೆ ಮಾತಾಡಬಹುದು, ಯಾವ ಫೋಲ್ಡರ್ ನೋಡಬಹುದು ಅಂತ ಮ್ಯಾನಿಫೆಸ್ಟ್‌ನಲ್ಲಿ, ಅಂದರೆ ಪ್ಲಗಿನ್‌ನ ಸೆಟ್ಟಿಂಗ್ ಪಟ್ಟಿಯಲ್ಲಿ, ನಾವೇ ಬರೆದುಕೊಡಬೇಕು. ಟೈಮ್‌ಔಟ್, ಮೆಮೊರಿ ಮಿತಿ ಎರಡನ್ನೂ ಮರೆಯದೆ ಹಾಕಿ, ಮುಗಿಯದ ಲೂಪ್ ಒಂದಿದ್ದರೆ ಸಾಕು, ಪ್ಲಗಿನ್ ಅನ್ನು ಕರೆದ ನಮ್ಮ ಆ್ಯಪ್‌ನ ಥ್ರೆಡ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಆ್ಯಪ್ ಮತ್ತು ಪ್ಲಗಿನ್ ನಡುವಿನ ಮಾತುಕತೆ ತುಂಬಾ ಸರಳ: ಬೈಟ್ ಒಳಗೆ, ಬೈಟ್ ಹೊರಗೆ. ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ರೂಪ) ಕಳಿಸಿದರೆ ಪ್ರತಿ ಸಲ ಬಿಚ್ಚಿ ಕಟ್ಟುವ ಕೆಲಸ ಇದ್ದೇ ಇದೆ, ಬಂದ ಉತ್ತರವನ್ನು ಪರೀಕ್ಷಿಸದೆ ಬಳಸಲೂಬಾರದು. ನಿಜವಾದ ಅಪಾಯ ಹೋಸ್ಟ್ ಫಂಕ್ಷನ್‌ಗಳಲ್ಲಿದೆ, ಅಂದರೆ ಪ್ಲಗಿನ್ ಕರೆಯಲೆಂದು ಆ್ಯಪ್ ಕೊಡುವ ಫಂಕ್ಷನ್‌ಗಳಲ್ಲಿ. 'ಯಾವ ಫೈಲ್ ಬೇಕಾದರೂ ಓದು' ಅನ್ನುವಂಥದ್ದನ್ನು ನೀವೇ ಕೊಟ್ಟರೆ ಪ್ಲಗಿನ್ ಅನ್ನು ಕಟ್ಟಿಹಾಕುವ ಈ ಸ್ಯಾಂಡ್‌ಬಾಕ್ಸ್ ಏನು ಮಾಡೀತು? ಚಿಕ್ಕದಾಗಿ, ಒಂದೊಂದೇ ಕೆಲಸಕ್ಕೆ ಕೊಡಿ.

ಜಾವಾಸ್ಕ್ರಿಪ್ಟ್ ಪ್ಲಗಿನ್‌ಗಳು ಮಾತ್ರ ಸ್ವಲ್ಪ ದಪ್ಪ, ಜಾವಾಸ್ಕ್ರಿಪ್ಟ್ ಓಡಿಸುವ ಕ್ವಿಕ್‌ಜೆಎಸ್ ಎಂಜಿನ್ ಅನ್ನೇ ಹೊತ್ತು ಬರುತ್ತವೆ. ಗಾತ್ರ ಮುಖ್ಯವಾದರೆ ರಸ್ಟ್ ಭಾಷೆಯಲ್ಲಿ ಬರೆಸಿ.