‘ಕೆಲಸ ಗ್ಯಾರಂಟಿ’ ಅನ್ನುವ ಯುಎಕ್ಸ್ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ

ಯುಎಕ್ಸ್ ಡಿಸೈನ್, ಅಂದರೆ ಆಪ್, ವೆಬ್‌ಸೈಟ್‌ಗಳನ್ನು ಬಳಸುವವರಿಗೆ ಸುಲಭವಾಗುವ ಹಾಗೆ ರೂಪಿಸುವುದನ್ನು ಕಲಿತು ಕೆಲಸಕ್ಕೆ ಸೇರಬೇಕು ಅಂತ ಹೊರಟಿದ್ದೀರಾ? ‘ಕೆಲಸ ಸಿಗದಿದ್ದರೆ ಪೂರ್ತಿ ಫೀಸು ವಾಪಸ್’ ಅನ್ನುವ ಕೋರ್ಸ್ ಕಣ್ಣಿಗೆ ಬಿದ್ದಿದೆಯಾ? ಅಂಥದ್ದೊಂದನ್ನು ನಾನು ಮುಗಿಸಿದ್ದೇನೆ. ಸರ್ಟಿಫಿಕೇಟ್ ಬಂತು. ಕೆಲಸ ಬರಲಿಲ್ಲ, ಫೀಸೂ ಬರಲಿಲ್ಲ. ಕಂತು ಮಾತ್ರ ಇನ್ನೂ ಕಟ್ಟುತ್ತಿದ್ದೇನೆ.

ಗ್ಯಾರಂಟಿ ಹೇಗೆ ಕೈಕೊಡುತ್ತದೆ ಅಂತ ಮೊದಲು ಹೇಳುತ್ತೇನೆ. ವಾರವಾರವೂ ಇಂತಿಷ್ಟು ಕಡೆ ಅರ್ಜಿ ಹಾಕಿ, ಪುರಾವೆಯನ್ನು ಅವರ ಶೀಟಿನಲ್ಲಿ ತುಂಬಬೇಕಿತ್ತು. ಅದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಆದರೆ ಕರಾರಿನಲ್ಲಿ ಇನ್ನೊಂದು ಸಾಲಿತ್ತು: ಸಂಸ್ಥೆ ತೋರಿಸಿದ ಯಾವ ‘ಸಂಬಂಧಿತ ಅವಕಾಶ’ವನ್ನೂ ಬೇಡ ಅನ್ನುವಂತಿಲ್ಲ. ಅವರು ತೋರಿಸಿದ್ದು ಸಂಬಳವಿಲ್ಲದ ಇಂಟರ್ನ್‌ಶಿಪ್. ಆಫರ್ ಪೋಸ್ಟರ್ ಮಾಡಿಕೊಡುವ ಕೆಲಸ. ಅದಕ್ಕೂ ಯುಎಕ್ಸ್‌ಗೂ ಎತ್ತಣಿಂದೆತ್ತ ಸಂಬಂಧ? ಒಲ್ಲೆ ಅಂದೆ. ‘ಅವಕಾಶವನ್ನು ನೀವೇ ನಿರಾಕರಿಸಿದ್ದೀರಿ, ರಿಫಂಡ್ ಅನ್ವಯಿಸುವುದಿಲ್ಲ’ ಅಂತ ಮೇಲ್ ಬಂತು. ಅಲ್ಲಿಗೆ ಮುಗಿಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಪೋರ್ಟ್‌ಫೋಲಿಯೊದಿಂದ, ಅಂದರೆ ಕೆಲಸ ಕೇಳುವಾಗ ತೋರಿಸುವ ನಮ್ಮ ಡಿಸೈನ್‌ಗಳ ಸಂಗ್ರಹದಿಂದ. ಇಡೀ ಬ್ಯಾಚಿಗೆ ಒಂದೇ ಟೆಂಪ್ಲೇಟ್. ಮೊದಲು ಡಬಲ್ ಡೈಮಂಡ್ ಚಿತ್ರ (ಸಮಸ್ಯೆಯಿಂದ ಪರಿಹಾರದವರೆಗಿನ ಹಂತಗಳನ್ನು ಎರಡು ವಜ್ರಾಕೃತಿಗಳಲ್ಲಿ ತೋರಿಸುವುದು), ಆಮೇಲೆ ಬಣ್ಣಬಣ್ಣದ ಸ್ಟಿಕ್ಕಿ ನೋಟ್, ಒಂದು ಪರ್ಸೋನಾ (ಬಳಕೆದಾರರನ್ನು ಪ್ರತಿನಿಧಿಸುವ ಮಾದರಿ ವ್ಯಕ್ತಿ), ವೈರ್‌ಫ್ರೇಮ್ (ಸ್ಕ್ರೀನಿನ ಕಚ್ಚಾ ರೇಖಾಚಿತ್ರ), ಕೊನೆಗೆ ಫೋನಿನ ಚೌಕಟ್ಟಿನೊಳಗೆ ಹೊಳೆಯುವ ಸ್ಕ್ರೀನ್. ಪ್ರಾಜೆಕ್ಟೂ ಒಂದೇ, ಫುಡ್ ಡೆಲಿವರಿ ಆಪ್. ಯೋಚನೆಗೆ ದಾರಿಯಾಗಲಿ ಅಂತ ಬ್ರಿಟನ್ನಿನ ಡಿಸೈನ್ ಕೌನ್ಸಿಲ್ ಬಳಕೆಗೆ ತಂದ ಡಬಲ್ ಡೈಮಂಡ್ ನಮ್ಮಲ್ಲಿ ಅರ್ಜಿ ಫಾರಂ ತುಂಬಿದ ಹಾಗಾಗಿತ್ತು.

ಒಂದು ಇಂಟರ್‌ವ್ಯೂನಲ್ಲಿ ಸೀನಿಯರ್ ಡಿಸೈನರ್ ಒಬ್ಬರು ಸ್ಕ್ರೋಲ್ ಮಾಡುತ್ತಾ ಪರ್ಸೋನಾ ಹತ್ತಿರ ನಿಂತರು. “ಇವರ ಜೊತೆ ಮಾತಾಡಿದ್ದೀರಾ?”

“ಇಲ್ಲ ಮೇಡಂ, ಕೋರ್ಸಿನಲ್ಲಿ ಕೊಟ್ಟಿದ್ದು.”

“ಇದೇ ಫೋಟೊ ಬೆಳಗ್ಗೆಯೂ ನೋಡಿದೆ. ಹೆಸರು ಬೇರೆ ಇತ್ತು, ಅಷ್ಟೆ.”

ಆಮೇಲೆ ಬಿಳಿ ಹಿನ್ನೆಲೆಯ ಮೇಲಿದ್ದ ತಿಳಿ ಬೂದು ಅಕ್ಷರ ತೋರಿಸಿ, ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ವ್ಯತ್ಯಾಸ) ಎಷ್ಟಿದೆ ಅಂದರು. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕು ಅನ್ನುತ್ತದೆ, ವೆಬ್ ಎಲ್ಲರಿಗೂ ಬಳಸಲು ಬರಲಿ ಅಂತ ಮಾಡಿದ ಮಾರ್ಗಸೂಚಿ ಡಬ್ಲ್ಯುಸಿಎಜಿಯ ಎಎ ಮಟ್ಟ. ಕೋರ್ಸಿನಲ್ಲಿ ಈ ಮಾತೇ ಬಂದಿರಲಿಲ್ಲ. ಬಟನ್ನಿಗೆ ನೆರಳು ಹಾಕುವುದನ್ನು ಮಾತ್ರ ಬಹಳ ಚೆನ್ನಾಗಿ ಕಲಿಸಿದ್ದರು!

ಕೆಲಸಗಳೂ ಮೊದಲಿನ ಹಾಗಿಲ್ಲ. 2022ರ ನವೆಂಬರ್‌ನಲ್ಲಿ ಮೆಟಾ 11,000ಕ್ಕೂ ಹೆಚ್ಚು ಜನರನ್ನು, 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಜನರನ್ನು ತೆಗೆಯುವುದಾಗಿ ಹೇಳಿದವು. ಅನುಭವ ಇದ್ದವರೇ ಕೆಲಸ ಹುಡುಕುತ್ತಿರುವಾಗ ಫ್ರೆಶರನ್ನು ಕೇಳುವವರು ಯಾರು? ಕೋರ್ಸ್ ಮಾರುವವರು ಮಾತ್ರ ಹಳೇ ಸಂಬಳದ ಪಟ್ಟಿ ಹಿಡಿದುಕೊಂಡೇ ಓಡಾಡುತ್ತಿದ್ದಾರೆ.

ಸೇರಲೇಬೇಕು ಅಂತಿದ್ದರೆ, ದುಡ್ಡು ಕಟ್ಟುವ ಮುಂಚೆ ಕರಾರು ಪತ್ರ ತರಿಸಿಕೊಂಡು ಓದಿ. ‘ಸಂಬಂಧಿತ’ ಅಂದರೆ ಏನು, ಸಂಬಳ ಎಷ್ಟಿದ್ದರೆ ಅದನ್ನು ಕೆಲಸ ಅಂತ ಲೆಕ್ಕ ಹಾಕುತ್ತೀರಿ ಅಂತ ಬರವಣಿಗೆಯಲ್ಲೇ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಹಿಂದಿನ ಬ್ಯಾಚಿನ ನಾಲ್ಕೈದು ಪೋರ್ಟ್‌ಫೋಲಿಯೊ ಪಕ್ಕಪಕ್ಕ ತೆರೆದು ನೋಡಿ. ಹೆಸರು ಮುಚ್ಚಿದರೆ ಯಾವುದು ಯಾರದ್ದು ಅಂತ ಗೊತ್ತಾಗದಿದ್ದರೆ ಆ ಕಡೆ ತಲೆ ಹಾಕಬೇಡಿ. ಕಂಪನಿಗಳ ಲೋಗೊ ಸಾಲಾಗಿ ತೋರಿಸುತ್ತಾರೆ ಅಲ್ವಾ, ಅಲ್ಲಿ ಡಿಸೈನರ್ ಆಗಿ ಸೇರಿದ ಒಬ್ಬರ ಜೊತೆ ಮಾತಾಡಿಸಿ ಅನ್ನಿ. ನಾನು ಕೇಳಿದಾಗ ಪ್ರೈವಸಿ ಅಂದುಬಿಟ್ಟರು.

ಡಿಸೈನ್ ಮಾಡುವ ಸಾಫ್ಟ್‌ವೇರ್ ಫಿಗ್ಮಾ ಕಲಿಯುವುದಕ್ಕೆ ಅಷ್ಟು ದುಡ್ಡು ಸುರಿಯಬೇಕಿಲ್ಲ, ಉಚಿತ ಪ್ಲಾನ್ ಇದೆ. ಪೋರ್ಟ್‌ಫೋಲಿಯೊಗೆ ನಿಮ್ಮದೇ ಒಂದು ಚಿಕ್ಕ ಪ್ರಾಜೆಕ್ಟ್ ಮಾಡಿ, ಅದನ್ನು ಬಳಸಬೇಕಾದ ಜನರ ಕೈಗೇ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಐದು ಜನ ಸಾಕು, ಹೆಚ್ಚಿನ ತೊಡಕುಗಳು ಅಷ್ಟರಲ್ಲೇ ಕಾಣುತ್ತವೆ ಅಂತ ಯುಎಕ್ಸ್ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಆ ಜನ ಎಲ್ಲಿ ತಡವರಿಸಿದರು, ಆಮೇಲೆ ನೀವು ಏನು ಬದಲಾಯಿಸಿದಿರಿ ಅನ್ನುವುದನ್ನು ಕೇಸ್ ಸ್ಟಡಿಯ ಮೊದಲಲ್ಲೇ ಹಾಕಿ. ಈಗ ಇಂಟರ್‌ವ್ಯೂಗಳಲ್ಲಿ ನನ್ನನ್ನು ಜಾಸ್ತಿ ಕೇಳುವುದು ಆ ಭಾಗದ ಬಗ್ಗೆಯೇ.